ಕೊಸರು ಸಿಗುವ ಊರು: ನ್ಯೂ ಆರ್ಲಿಯನ್ಸ್‌ನಲ್ಲಿ ಐದು ದಿನ

ಗುರುವಾರ

ಅಮ್ಮ ಸಕಲೇಶಪುರದಿಂದ ಹ್ಯೂಸ್ಟನ್‌ಗೆ ಬಂದು ಮೂರು ವಾರ ಆಗಿತ್ತು. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂರೋಕೆ ಶುರು ಮಾಡಿದರು. ಮೂರನೇ ವಾರ ಕೇಳಿಯೇಬಿಟ್ಟರು: "ರಸ್ತೆ ಇದೆ, ಕಾರಿದೆ, ಮನೆ ಇದೆ. ಜನ ಎಲ್ಲೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿಗೆ ಮೂರು ದಿನ ರಜೆ ಹಾಕಿದೆ. ಶನಿವಾರ, ಭಾನುವಾರ ಸೇರಿಸಿಕೊಂಡು ನ್ಯೂ ಆರ್ಲಿಯನ್ಸ್‌ಗೆ ಹೊರಟೆವು. ಆಗ ನವೆಂಬರ್ ಮೊದಲ ವಾರ. ಬೇಸಿಗೆಯಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಮಂಗಳೂರಿನ ಮೇ ತಿಂಗಳ ಸೆಕೆ, ಮೇಲಿಂದ ಚಂಡಮಾರುತದ ಭಯ.

ಐ-10 ಹೆದ್ದಾರಿ ಹಿಡಿದರೆ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್. ಟೆಕ್ಸಸ್ ಮುಗಿಯುವ ತನಕ ಹೇಳಿಕೊಳ್ಳುವಂಥದ್ದೇನಿಲ್ಲ. ಲೂಯಿಸಿಯಾನದಲ್ಲಿ ಲಫಯೆಟ್ ದಾಟಿದ ಮೇಲೆ ಅಚಾಫಲಾಯ ಜೌಗು ಬರುತ್ತದೆ. ರಸ್ತೆ ಅಲ್ಲಿ ನೆಲ ಬಿಟ್ಟು ಸೇತುವೆ ಹತ್ತಿದರೆ 29 ಕಿಲೋಮೀಟರ್ ಇಳಿಯೋದೇ ಇಲ್ಲ. ಕೆಳಗೆ ಕಪ್ಪು ನೀರು, ನೀರಿನಲ್ಲೇ ಬುಡ ಊರಿ ನಿಂತ ಸೈಪ್ರೆಸ್ ಮರಗಳು, ಅಲ್ಲಲ್ಲಿ ಬೆಳ್ಳಕ್ಕಿ. ಅಮ್ಮ ಅಷ್ಟು ದೂರವೂ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಊರು ಸೇರಿದಾಗ ಸಂಜೆ. ಚೀಲಗಳನ್ನು ರೂಮಿಗೆ ಎಸೆದು ನೇರವಾಗಿ ಹೋಗಿದ್ದು ನದಿ ದಂಡೆಯ ಕಫೆ ಡು ಮಾಂಡ್‌ಗೆ. 1862ರಿಂದ ಇರುವ ಕಾಫಿ ಅಂಗಡಿ. ಇಲ್ಲಿ ಕಾಫಿ ಜೊತೆ ತಿನ್ನೋದು ಬೆನ್ಯೇ. ಮಂಗಳೂರು ಬನ್ಸಿಗೆ ಬಾಳೆಹಣ್ಣು ಹಾಕದೆ ಚೌಕವಾಗಿ ಕತ್ತರಿಸಿ ಕರಿದರೆ ಹೇಗೋ ಹಾಗೆ. ಒಂದು ಪ್ಲೇಟಿಗೆ ಮೂರು, ಮೇಲೆ ಗುಡ್ಡದಷ್ಟು ಸಕ್ಕರೆ ಪುಡಿ. ಬಾಯಿಗಿಡುವಾಗ ಉಸಿರು ಎಳೆದುಕೊಂಡರೆ ಕೆಮ್ಮು ಗ್ಯಾರಂಟಿ. ನಾನು ಎಳೆದುಕೊಂಡೆ. ಎದುರಿಗೆ ಕೂತ ಅಮ್ಮನ ಸೀರೆ ಪೂರ್ತಿ ಬಿಳಿ.

ಅಮ್ಮ ಕಾಫಿಯನ್ನು ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದರು.

"ಚಿಕೋರಿ ಹಾಕಿದ್ದಾರೆ."

"ಹೌದು."

"ಜಾಸ್ತಿ ಆಯ್ತು."

ಕಾಫಿ ಸೀಮೆಯವರ ಬಾಯಲ್ಲಿ ಚಿಕೋರಿ ಅಂದರೆ ಅರ್ಧ ಬೈಗುಳ ಅಂತ ನಿಮಗೆ ಗೊತ್ತಲ್ವಾ. ಆದರೆ ಇಲ್ಲಿ ಅದಕ್ಕೊಂದು ಕಥೆ ಇದೆ. ಕಾಫಿ ಸಿಗದಾಗ ಚಿಕೋರಿ ಬೇರನ್ನು ಹುರಿದು ಪುಡಿ ಮಾಡಿ ಬೆರೆಸುವ ಅಭ್ಯಾಸ ಫ್ರೆಂಚರದು. 1860ರ ದಶಕದ ಅಂತರ್ಯುದ್ಧದಲ್ಲಿ ಉತ್ತರದವರ ನೌಕಾಪಡೆ ಈ ಬಂದರಿಗೆ ದಿಗ್ಬಂಧನ ಹಾಕಿತು, ಕಾಫಿ ಬೀಜ ಬರೋದು ನಿಂತಿತು. ಊರಿನವರು ಚಿಕೋರಿಯ ಮೊರೆ ಹೋದರು. ಯುದ್ಧ ಮುಗಿದು ಬೀಜ ಮತ್ತೆ ಬಂತು, ನಾಲಿಗೆ ಮಾತ್ರ ಹಳೇ ರುಚಿ ಬಿಡಲಿಲ್ಲ. ಅರ್ಧ ಡಿಕಾಕ್ಷನ್, ಅರ್ಧ ಬಿಸಿ ಹಾಲು. ಅಮೆರಿಕದ ನೀರು ಕಾಫಿ ಕುಡಿದು ಬೇಸತ್ತವರಿಗೆ ಇದೊಂದಕ್ಕೇ ಈ ಊರಿಗೆ ಬರಬಹುದು.

ಅಮ್ಮ ಲೋಟ ಖಾಲಿ ಮಾಡಿ, ಇನ್ನೊಂದು ಹೇಳು ಅಂದರು.

ಶುಕ್ರವಾರ

ಬೆಳಿಗ್ಗೆ ಹೋಟೆಲಿನವನ ಹತ್ತಿರ ದಾರಿ ಕೇಳಿದೆ. "ನದಿ ಕಡೆ ನಾಲ್ಕು ಬೀದಿ, ಆಮೇಲೆ ಪೇಟೆ ಕಡೆ ಎರಡು" ಅಂದ. ಇಲ್ಲಿ ಉತ್ತರ, ದಕ್ಷಿಣ ಅಂತ ಯಾರೂ ಹೇಳೋದಿಲ್ಲ. ಮಿಸಿಸಿಪ್ಪಿ ನದಿ ಊರನ್ನು ಕುಡುಗೋಲಿನ ಹಾಗೆ ಸುತ್ತಿಕೊಂಡು ಹೋಗುತ್ತದೆ, ಬೀದಿಗಳೂ ಅದರ ಜೊತೆ ತಿರುಗುತ್ತವೆ. ದಿಕ್ಸೂಚಿ ಇಟ್ಟುಕೊಂಡರೆ ಕೆಟ್ಟಿರಿ. ನದಿ ಕಡೆ, ಊರಿನ ಆಚೆ ಬದಿಯ ಸರೋವರದ ಕಡೆ, ಅಷ್ಟೇ. ನಮ್ಮ ಮಲೆನಾಡಿನಲ್ಲಿ ಹೊಳೆ ಕಡೆ, ಗುಡ್ಡದ ಕಡೆ ಅಂದ ಹಾಗೆ. ಅಮ್ಮನಿಗೆ ಗೂಗಲ್ ಮ್ಯಾಪಿನ ಅಗತ್ಯವೇ ಬೀಳಲಿಲ್ಲ.

ಹಳೇ ಊರಿನ ಹೆಸರು ಫ್ರೆಂಚ್ ಕ್ವಾರ್ಟರ್. ಹೆಸರಿಗೆ ಫ್ರೆಂಚ್, ಕಟ್ಟಡಗಳು ನೋಡಿದರೆ ಸ್ಪೇನಿನವರ ಕಾಲದ ಶೈಲಿ. 1718ರಲ್ಲಿ ಬಿಯೆನ್‌ವಿಲ್ ಎಂಬ ಫ್ರೆಂಚ್ ಅಧಿಕಾರಿ ಈ ಜೌಗಿನಲ್ಲಿ ಊರು ಕಟ್ಟಿದ. 1760ರ ದಶಕದಲ್ಲಿ ಊರು ಸ್ಪೇನಿನ ಕೈಗೆ ಹೋಯಿತು. 1788ರಲ್ಲಿ ಒಂದು ಬೆಂಕಿ, 1794ರಲ್ಲಿ ಇನ್ನೊಂದು. ಮರದ ಮನೆಗಳು ಬೂದಿಯಾದವು. ಆಮೇಲೆ ಇಟ್ಟಿಗೆ ಗೋಡೆ, ಒಳಗೆ ತೊಟ್ಟಿಯ ಹಾಗೆ ಅಂಗಳ. ಮುಂದೆ ಸ್ಪೇನ್ ಊರನ್ನು ಫ್ರಾನ್ಸಿಗೇ ವಾಪಸ್ ಕೊಟ್ಟಿತು, 1803ರಲ್ಲಿ ಅಮೆರಿಕ ಇಡೀ ಲೂಯಿಸಿಯಾನ ಸೀಮೆಯನ್ನು ಫ್ರಾನ್ಸಿನಿಂದ 1.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬೀದಿ ಮೂಲೆಗಳಲ್ಲಿ ಬಣ್ಣದ ಹೆಂಚು ಕೂರಿಸಿ ಸ್ಪೇನಿನ ಕಾಲದ ಹೆಸರು ಬರೆದಿದ್ದಾರೆ. ರಾಯಲ್ ಸ್ಟ್ರೀಟ್ ಆಗ 'ಕಾಯೆ ರಿಯಾಲ್'.

ಒಂದು ಮಿಠಾಯಿ ಅಂಗಡಿಯಲ್ಲಿ ಪ್ರಲೀನ್ ಕೊಂಡೆವು. ಸಕ್ಕರೆ, ಬೆಣ್ಣೆ, ಕೆನೆ ಕಾಯಿಸಿ ಪಿಕಾನ್ ಬೀಜ ಸೇರಿಸಿ ಬಿಲ್ಲೆ ಮಾಡೋದು. ಆರು ತೂಗಿದ ಹೆಂಗಸು ಏಳನೆಯದನ್ನು ಪೊಟ್ಟಣಕ್ಕೆ ಹಾಕಿ, ನಕ್ಕು "ಲ್ಯಾನ್ಯಾಪ್" ಅಂದರು. ಏನದು ಅಂತ ಕೇಳಿದೆ. ಕೊಂಡದ್ದಕ್ಕೆ ಮೇಲೆ ಸುಮ್ನೆ ಕೊಡೋದು ಅಂದರು.

"ಕೊಸರು!" ಅಂದರು ಅಮ್ಮ.

ಕೊಸರೇ. ಸಂತೆಯಲ್ಲಿ ಅಳತೆ ಮುಗಿದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರಲ್ಲ, ಅದೇ. ಈ ಪದದ ಪ್ರಯಾಣವೂ ಚೆನ್ನಾಗಿದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆಯಿಂದ ಸ್ಪ್ಯಾನಿಷ್‌ಗೆ, ಸ್ಪ್ಯಾನಿಷ್‌ನಿಂದ ಲೂಯಿಸಿಯಾನದ ಫ್ರೆಂಚ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ. ಹ್ಯೂಸ್ಟನ್ನಿನ ಸೂಪರ್ ಮಾರ್ಕೆಟ್ಟಿನಲ್ಲಿ ಯಾರಾದರೂ ಕೊಸರು ಹಾಕಿದ್ದು ನೆನಪಿಲ್ಲ.

ಕೊಸರು ಕೊಡುವ ಊರಿನಲ್ಲಿ ಕಿಸೆ ಖಾಲಿ ಮಾಡುವವರೂ ಇದ್ದಾರೆ. ಬೋರ್ಬನ್ ಬೀದಿಯಲ್ಲಿ ಒಬ್ಬ ಅಡ್ಡ ಬಂದ. ಅಮ್ಮನ ಚಪ್ಪಲಿ ತೋರಿಸಿ, ಇದು ಎಲ್ಲಿಯದು ಅಂತ ಹೇಳ್ತೀನಿ, ಊರು, ಬೀದಿ ಸಮೇತ, ಇಪ್ಪತ್ತು ಡಾಲರ್ ಪಂಥ ಅಂದ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಕೊಂಡ ಚಪ್ಪಲಿ. ಇವನಿಗೆ ಹೇಗೆ ಗೊತ್ತಾಗುತ್ತೆ? ಆಯ್ತು ಅಂದೆ. "ನ್ಯೂ ಆರ್ಲಿಯನ್ಸ್, ಬೋರ್ಬನ್ ಬೀದಿ, ಅಮ್ಮನ ಕಾಲಲ್ಲಿ" ಅಂದ. ಅವನ ಇಂಗ್ಲಿಷ್‌ನಲ್ಲಿ 'ಎಲ್ಲಿ ಸಿಕ್ಕಿತು' ಅನ್ನೋದಕ್ಕೂ 'ಈಗ ಎಲ್ಲಿದೆ' ಅನ್ನೋದಕ್ಕೂ ಒಂದೇ ಮಾತು! ದುಡ್ಡು ಕೊಟ್ಟೆ. ಇದು ಇಲ್ಲಿನ ಹಳೇ ಆಟ ಅಂತ ಆಮೇಲೆ ತಿಳಿಯಿತು. ಬೋರ್ಬನ್ ಬೀದಿ ಬಗ್ಗೆ ನಾನು ಇನ್ನೇನೂ ಹೇಳೋದಿಲ್ಲ. ಕುಡುಕರ ಜಾತ್ರೆ. ಹತ್ತು ನಿಮಿಷ ಸಾಕು.

ಮಧ್ಯಾಹ್ನ ಸೇಂಟ್ ಲೂಯಿಸ್ ಒಂದನೇ ನಂಬರ್ ಸ್ಮಶಾನ. 1789ರದ್ದು. ಗೈಡ್ ಇಲ್ಲದೆ ಒಳಗೆ ಬಿಡೋದಿಲ್ಲ. ಗೋರಿಗಳೆಲ್ಲ ನೆಲದ ಮೇಲೆ, ಸಣ್ಣ ಸಣ್ಣ ಮನೆಗಳ ಹಾಗೆ. ಒಂದು ಮೊಳ ಅಗೆದರೆ ನೀರು ಬರುವ ಊರು ಇದು. ಒಂದು ಕುಟುಂಬಕ್ಕೆ ಒಂದೇ ಗೋರಿ. ಒಬ್ಬರನ್ನು ಇಟ್ಟು ಒಂದು ವರ್ಷ ಒಂದು ದಿನ ಬಿಡುತ್ತಾರೆ. ಆ ಸೆಕೆಗೆ ಒಳಗೆ ಒಲೆಯ ಹಾಗೆ ಕಾದು ಮೂಳೆ ಮಾತ್ರ ಉಳಿಯುತ್ತದೆ. ಅದನ್ನು ಹಿಂದಕ್ಕೆ ತಳ್ಳಿ ಮುಂದಿನವರಿಗೆ ಜಾಗ.

ಎಲ್ಲರೂ ಹೋಗಿ ನಿಲ್ಲೋದು ಆಫ್ರಿಕನ್ ಮೂಲದ ವೂಡೂ ಪಂಥದ ರಾಣಿ ಮರೀ ಲಾವೋ ಗೋರಿಯ ಮುಂದೆ. ನನಗೆ ನೋಡಬೇಕಿದ್ದದ್ದು ಹೋಮರ್ ಪ್ಲೆಸಿಯ ಗೋರಿ. 1892ರ ಜೂನ್ 7ರಂದು ಈ ಊರಿನಲ್ಲಿ ಆತ ಬಿಳಿಯರ ರೈಲು ಡಬ್ಬಿ ಹತ್ತಿ ಕೂತ. ನೋಡೋಕೆ ಬಿಳಿಯನೇ. ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕನ್ ರಕ್ತ ಅಂತ ಲೆಕ್ಕ. ಬೇಕಂತಲೇ ಹೇಳಿಕೊಂಡು ಅರೆಸ್ಟ್ ಆದ. ಕಾನೂನನ್ನು ಪರೀಕ್ಷೆಗೆ ಒಡ್ಡಬೇಕು ಅಂತ ಊರಿನ ಕರಿಯರ ಸಮಿತಿಯೊಂದು ಹಾಕಿದ ಯೋಜನೆ ಅದು. 1896ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಬೇರೆ ಬೇರೆ ಕೂರಿಸಿದರೂ ಸಮಾನವೇ ಅಂದಿತು. ಅದು ಬದಲಾಗೋಕೆ 1954ರ ತನಕ ಕಾಯಬೇಕಾಯಿತು. ಪ್ಲೆಸಿಗೆ ರಾಜ್ಯ ಸರ್ಕಾರ ಕ್ಷಮಾದಾನ ಕೊಟ್ಟದ್ದು 2022ರಲ್ಲಿ. "ಯಾರು ಯಾರನ್ನ ಕ್ಷಮಿಸಬೇಕಿತ್ತೋ!" ಅಂದರು ಅಮ್ಮ.

ರಾತ್ರಿ ಪ್ರಿಸರ್ವೇಶನ್ ಹಾಲ್. 1961ರಿಂದ ಇಲ್ಲಿ ಜಾಜ್ ಕಛೇರಿ ನಡೆಯುತ್ತದೆ. ಹಾಲ್ ಅಂದರೆ ನಮ್ಮ ಊರ ಹಳೇ ಮನೆಯ ನಡುಮನೆಯಷ್ಟು ಜಾಗ. ಸುಣ್ಣ ಬಣ್ಣ ಕಾಣದ ಗೋಡೆ, ನಾಲ್ಕು ಮರದ ಬೆಂಚು. ಮುಕ್ಕಾಲು ಗಂಟೆ ಆಟ. ಫೋಟೋ ತೆಗೆಯಬಾರದು, ಹಾಗಾಗಿ ಎಲ್ಲರೂ ನೆಟ್ಟಗೆ ಕೂತು ಕೇಳುತ್ತಾರೆ. ಅಮ್ಮ ಸಂಗೀತ ಕಲಿತವರು, ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದರು. ಅವರ ತಟ್ಟು ಮೊದಲನೇ ಎಣಿಕೆಗೆ. ಇಡೀ ಕೋಣೆ ಚಪ್ಪಾಳೆ ತಟ್ಟುತ್ತಿದ್ದದ್ದು ಎರಡಕ್ಕೂ ನಾಲ್ಕಕ್ಕೂ. ಪಕ್ಕದಲ್ಲಿದ್ದ ಅಜ್ಜಿ ಅಮ್ಮನ ಮಣಿಕಟ್ಟು ಹಿಡಿದು, ಸರಿಯಾದ ಜಾಗಕ್ಕೆ ಎತ್ತಿ ಹಾಕಿಸಿದರು. ಎರಡು ಸುತ್ತು ಆದ ಮೇಲೆ ಅಮ್ಮನಿಗೆ ಹಿಡಿತ ಸಿಕ್ಕಿತು. ಕಛೇರಿ ಮುಗಿದರೂ ಅಜ್ಜಿ ಕೈ ಬಿಟ್ಟಿರಲಿಲ್ಲ.

ಶನಿವಾರ

ಊರಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ದಾರಿ, ನದಿ ದಂಡೆಯ ವಾಲೇಸ್ ಎಂಬಲ್ಲಿ ವಿಟ್ನಿ ಪ್ಲಾಂಟೇಶನ್. ಆ ರಸ್ತೆಯಲ್ಲಿ ಹಳೇ ತೋಟದ ಬಂಗಲೆಗಳು ಬೇಕಾದಷ್ಟಿವೆ. ಕೆಲವನ್ನು ಮದುವೆ ಫೋಟೋಗಳಿಗೆ ಬಾಡಿಗೆಗೆ ಕೊಡುತ್ತಾರೆ. ವಿಟ್ನಿ ಹಾಗಲ್ಲ. 2014ರಲ್ಲಿ ತೆರೆದ ಇದು ತೋಟದ ಯಜಮಾನರ ಕಥೆ ಬಿಟ್ಟು ಗುಲಾಮರ ಕಥೆ ಹೇಳುತ್ತದೆ.

ಕಬ್ಬು ಕಡಿಯುವ ಕಾಲ. ಲಾರಿಗಳು ಜಲ್ಲೆ ಉದುರಿಸುತ್ತಾ ಹೋಗುತ್ತಿದ್ದವು. ಗೇಟಿನೊಳಗೆ ದೊಡ್ಡ ದೊಡ್ಡ ಕಬ್ಬಿಣದ ಕಡಾಯಿಗಳನ್ನು ನೋಡಿ ಅಮ್ಮ "ಆಲೆಮನೆ ಕೊಪ್ಪರಿಗೆ!" ಅಂತ ಖುಷಿಯಾಗಿ ಹತ್ತಿರ ಹೋದರು. ಮುಟ್ಟಿ ನೋಡಿದರು. ನಮಗೆ ಆಲೆಮನೆ ಅಂದರೆ ಬಿಸಿ ಬೆಲ್ಲ, ಕಬ್ಬಿನ ಹಾಲು, ಚಳಿಯಲ್ಲಿ ಬೆಂಕಿ ಸುತ್ತ ಹರಟೆ. ಇಲ್ಲಿ ಅದೇ ಕೊಪ್ಪರಿಗೆ ಪಕ್ಕ ರಾತ್ರಿಯಿಡೀ ನಿಂತವರು ಮಾರಾಟದ ವಸ್ತುಗಳಾಗಿದ್ದರು. ಕಬ್ಬು ಕಡಿದ ಮೇಲೆ ರಸ ಕೆಡುವ ಮೊದಲು ಕುದಿಸಬೇಕು, ಹಾಗಾಗಿ ಸುಗ್ಗಿಯಲ್ಲಿ ನಿದ್ದೆಯೇ ಇಲ್ಲ. ಗಾಣಕ್ಕೆ ಕೈ ಸಿಕ್ಕಿಕೊಳ್ಳುತ್ತಿತ್ತು, ಕುದಿಯುವ ಪಾಕ ಮೈಮೇಲೆ ಬೀಳುತ್ತಿತ್ತು. ಕಬ್ಬಿನ ಸೀಮೆಯಲ್ಲಿ ಗುಲಾಮರ ಪೈಕಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು.

ಅಮ್ಮ ಕೊಪ್ಪರಿಗೆಯಿಂದ ಕೈ ತೆಗೆದರು.

ಕಪ್ಪು ಕಲ್ಲಿನ ಗೋಡೆಗಳ ಮೇಲೆ ಹೆಸರುಗಳು. ಲೂಯಿಸಿಯಾನದಲ್ಲಿ ಗುಲಾಮರಾಗಿದ್ದ 1,07,000 ಮಂದಿಯ ದಾಖಲೆ. ಗ್ವೆಂಡೊಲಿನ್ ಮಿಡ್ಲೋ ಹಾಲ್ ಎಂಬ ಇತಿಹಾಸಕಾರ್ತಿ ಹಳೇ ಕಾಗದಗಳಿಂದ ಹೆಕ್ಕಿ ತೆಗೆದದ್ದು. ಬಹಳಷ್ಟು ಹೆಸರಿಗೆ ಮನೆತನದ ಹೆಸರೇ ಇಲ್ಲ. ಇನ್ನೊಂದು ಕಡೆ ಸತ್ತುಹೋದ ಪುಟ್ಟ ಮಕ್ಕಳ ಹೆಸರುಗಳು. ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತರು. ಅವರಿಗೆ ಇಂಗ್ಲಿಷ್ ಓದೋಕೆ ಬರುತ್ತೆ, ನಿಧಾನ. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಿದ್ದರು. ನಾನು ದೂರ ಹೋಗಿ ಬೆಂಚಿನ ಮೇಲೆ ಕೂತೆ.

ಸಂಜೆ ಎಲ್ಲಿಗೂ ಹೋಗಲಿಲ್ಲ. ರೂಮಿನಲ್ಲಿ ಅವಲಕ್ಕಿ ಮೊಸರು ತಿಂದು ಮಲಗಿದೆವು.

ಭಾನುವಾರ

ಅಮ್ಮನ "ಜನ ಎಲ್ಲೋ?" ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇವತ್ತು.

ಫ್ರೆಂಚ್ ಕ್ವಾರ್ಟರ್‌ನ ಬೆನ್ನಿಗೇ ಇರುವ ಬಡಾವಣೆ ಟ್ರೆಮೇ. ಇಲ್ಲಿ ಕಾಂಗೋ ಸ್ಕ್ವೇರ್ ಅಂತ ಒಂದು ಬಯಲಿದೆ. ಗುಲಾಮರಿಗೆ ಭಾನುವಾರ ಮಾತ್ರ ಬಿಡುವು. 1817ರಲ್ಲಿ ನಗರಾಡಳಿತ, ಕುಣಿಯುವುದಿದ್ದರೆ ಒಂದೇ ಜಾಗದಲ್ಲಿ, ಭಾನುವಾರ ಕತ್ತಲಾಗುವ ಮೊದಲು ಅಂತ ಕಟ್ಟಪ್ಪಣೆ ಮಾಡಿತು. ಆ ಜಾಗ ಇದೇ. ಡೋಲು ಬಾರಿಸಿದರು, ತಮ್ಮ ತಮ್ಮ ಊರಿನ ಕುಣಿತ ಕುಣಿದರು, ತಾವು ಬೆಳೆದದ್ದನ್ನು ಮಾರಿದರು. ವಾರಕ್ಕೊಂದು ಮಧ್ಯಾಹ್ನ. ಮುಂದೆ ಜಾಜ್ ಆಗಿ ಲೋಕ ಸುತ್ತಿದ ಸಂಗೀತದ ಬೇರು ಅಲ್ಲಿದೆ. 1901ರಲ್ಲಿ ಈ ಊರಿನಲ್ಲೇ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಿನ ಪಾರ್ಕಿನೊಳಗೆ ಈಗ ಈ ಬಯಲಿದೆ.

ಟ್ರೆಮೇ ಜೊತೆ ನಮ್ಮ ದೇಶದ ನಂಟೂ ಇದೆ. 1880ರ ದಶಕದ ಆಚೀಚೆ ಬಂಗಾಳದ ಹೂಗ್ಲಿ ಜಿಲ್ಲೆಯಿಂದ ಮುಸ್ಲಿಂ ವ್ಯಾಪಾರಿಗಳು ಚಿಕನ್ ಕಸೂತಿ ಬಟ್ಟೆ ಮಾರೋಕೆ ಅಮೆರಿಕಕ್ಕೆ ಬಂದರು. ಕೆಲವರು ಇಲ್ಲೇ ನೆಲೆ ನಿಂತು ಇಲ್ಲಿನ ಕರಿಯ ಹೆಣ್ಣುಮಕ್ಕಳನ್ನು ಮದುವೆಯಾದರು. ಸಾಫ್ಟ್‌ವೇರ್‌ಗಿಂತ ನೂರು ವರ್ಷ ಮೊದಲು ಬಂದ ಈ ದೇಸಿಗಳನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ, ನೋಡಿ.

ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಸೆಕೆಂಡ್ ಲೈನ್ ಹೊರಟಿತು. ಮೊದಲು ಇದು ಏನು ಅಂತ ಹೇಳುತ್ತೇನೆ. ಇಲ್ಲಿನ ಕರಿಯರಿಗೆ ಹಿಂದೆ ವಿಮಾ ಕಂಪನಿಗಳು ಬಾಗಿಲು ಹಾಕಿದ್ದವು. ಆಗ ಅವರೇ ಚೀಟಿ ಗುಂಪಿನ ಹಾಗೆ ಸಂಘ ಕಟ್ಟಿಕೊಂಡರು. ತಿಂಗಳು ತಿಂಗಳು ದುಡ್ಡು ಹಾಕೋದು, ಕಾಯಿಲೆ ಬಿದ್ದರೆ ಔಷಧಿ, ಸತ್ತರೆ ಬ್ಯಾಂಡ್ ಸಮೇತ ಮಣ್ಣು. ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕದ ಹಾಡು, ಬರುವಾಗ ಕುಣಿತ. ನಮ್ಮಲ್ಲಿ ಸಾವಿಗೆ ತಮಟೆ ಬಡಿಯುವುದು ನೋಡಿದವರಿಗೆ ಇದು ವಿಚಿತ್ರ ಅನ್ನಿಸೋದಿಲ್ಲ. ಆ ಸಂಘಗಳು ಈಗಲೂ ಇವೆ. ಸೀಸನ್ನಿನ ಭಾನುವಾರಗಳಲ್ಲಿ ಸರದಿ ಪ್ರಕಾರ ಮೆರವಣಿಗೆ ತೆಗೆಯುತ್ತವೆ. ಸಂಘದವರು ಮತ್ತು ಬ್ಯಾಂಡಿನವರು ಮೊದಲ ಸಾಲು. ಹಿಂದೆ ಸೇರಿಕೊಳ್ಳುವ ಊರ ಜನವೆಲ್ಲ ಎರಡನೇ ಸಾಲು. ಟಿಕೆಟ್ ಇಲ್ಲ, ಆಮಂತ್ರಣ ಇಲ್ಲ.

ಆ ದಿನದವರು ಕಿತ್ತಳೆ ಬಣ್ಣದ ಸೂಟು, ಅದೇ ಬಣ್ಣದ ಶೂ, ಕೈಯಲ್ಲಿ ಹಕ್ಕಿಗರಿಯ ಬೀಸಣಿಗೆ. ಹಿಂದೆ ಬ್ಯಾಂಡ್. ನಾನು ದೊಡ್ಡ ಡ್ರಮ್ಮಿನವನ ಪಕ್ಕವೇ ಸಿಕ್ಕಿಕೊಂಡೆ. ಡ್ರಮ್ ಎದೆಗೆ ಕಟ್ಟಿದೆ, ಅದರ ನೆತ್ತಿಗೆ ಒಂದು ಹಿತ್ತಾಳೆ ತಾಳ ಜಡಿದಿದೆ. ಬಲಗೈಲಿ ಕೋಲು. ಎಡಗೈಲಿ ಏನು ಅಂತ ನೋಡಿದರೆ ಸ್ಕ್ರೂಡ್ರೈವರ್! ಹಳದಿ ಹಿಡಿ, ತುದಿ ಸವೆದಿದೆ. ಕೋಲು ಚರ್ಮಕ್ಕೆ ಬಿದ್ದ ಮರುಗಳಿಗೆ ಸ್ಕ್ರೂಡ್ರೈವರ್ ತಾಳಕ್ಕೆ. ಧಡ್, ಚಿಂಯ್. ಅವನ ಶರ್ಟು ಬೆವರಿಗೆ ಬೆನ್ನಿಗೆ ಅಂಟಿತ್ತು. ಸಿಗರೇಟು ತುಟಿಯಲ್ಲೇ ಬೂದಿಯಾಗುತ್ತಿತ್ತು, ಅದರ ಕಡೆ ಗಮನ ಇಲ್ಲ.

ಮೆರವಣಿಗೆ ಕ್ಲೇಬೋರ್ನ್ ಅವೆನ್ಯೂಗೆ ಬಂತು. ಮೊದಲು ಇಲ್ಲಿ ಸಾಲು ಸಾಲು ಓಕ್ ಮರ, ಕರಿಯರ ಅಂಗಡಿ ಬೀದಿ. 1960ರ ದಶಕದಲ್ಲಿ ಮರ ಕಡಿದು ಮೇಲೆ ಹೆದ್ದಾರಿ ಎತ್ತಿದರು. ಯಾವ ಹೆದ್ದಾರಿ ಅಂತೀರಿ? ಐ-10. ನಾವು ಹ್ಯೂಸ್ಟನ್‌ನಿಂದ ಆರಾಮಾಗಿ ಕಾರು ಓಡಿಸಿಕೊಂಡು ಬಂದದ್ದು ಅದೇ ರಸ್ತೆಯಲ್ಲಿ. ಊರಿನವರು ಕಾಂಕ್ರೀಟ್ ಕಂಬಗಳ ಮೇಲೆ ಹೋದ ಮರಗಳ ಚಿತ್ರ ಬರೆದಿದ್ದಾರೆ. ಬ್ಯಾಂಡ್ ಆ ಸೇತುವೆ ಕೆಳಗೆ ನುಗ್ಗಿದಾಗ ಸದ್ದು ಛಾವಣಿಗೆ ಬಡಿದು ದುಪ್ಪಟ್ಟಾಗಿ ಬಂತು. ಅಲ್ಲಿಗೆ ಬರೋದನ್ನೇ ಕಾಯುತ್ತಿದ್ದರೋ ಏನೋ, ಜನಕ್ಕೆ ಹುಚ್ಚು ಹಿಡಿದ ಹಾಗಾಯಿತು. ಪಿಕಪ್ ಲಾರಿಯ ಮೇಲೆ ಒಬ್ಬ, ಕಂಬದ ದಿಮ್ಮಿ ಮೇಲೆ ಇಬ್ಬರು, ತಳ್ಳುಕುರ್ಚಿಯಲ್ಲಿ ಒಬ್ಬ ತಾತ, ಎಲ್ಲರೂ ಕುಣಿತ.

ಅಮ್ಮ ಕಾಣಲಿಲ್ಲ. ಎದೆ ಧಸಕ್ಕೆಂದಿತು. ಐದು ನಿಮಿಷ ಹುಡುಕಿದ ಮೇಲೆ ಸಿಕ್ಕರು. ನೀರಿನ ಬಾಟಲಿ ಮಾರುವ ಹೆಂಗಸಿನ ಪಕ್ಕ, ಐಸ್ ಡಬ್ಬದ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಾಳೆ ತಟ್ಟುತ್ತಿದ್ದರು. ಎರಡಕ್ಕೂ ನಾಲ್ಕಕ್ಕೂ.

ಸೋಮವಾರ

ಸೇಂಟ್ ಚಾರ್ಲ್ಸ್ ಟ್ರಾಮ್ ಹತ್ತಿದೆವು. 1835ರಲ್ಲಿ ಶುರುವಾದ ಮಾರ್ಗ. 1920ರ ದಶಕದ ಹಸಿರು ಡಬ್ಬಿಗಳು, ಮರದ ಸೀಟು, ತೆಗೆದಿಟ್ಟ ಕಿಟಕಿ. ಒಂದೂಕಾಲು ಡಾಲರ್ ಕೊಟ್ಟು ಇಡೀ ಬೀದಿ ನೋಡಬಹುದು. ಮಾರ್ಡಿ ಗ್ರಾ ಹಬ್ಬದಲ್ಲಿ ಎಸೆದ ಮಣಿಸರಗಳು ಮರಗಳಲ್ಲಿ, ವೈರುಗಳಲ್ಲಿ ಇನ್ನೂ ನೇತಾಡುತ್ತಿದ್ದವು. ಜುಲೂ ಎಂಬ ಸಂಘದವರು ಆ ಹಬ್ಬದಲ್ಲಿ ಬಣ್ಣ ಹಚ್ಚಿದ ತೆಂಗಿನಕಾಯಿ ಹಂಚುತ್ತಾರೆ. ಮೊದಲು ರಥದ ಮೇಲಿಂದ ಎಸೆಯುತ್ತಿದ್ದರಂತೆ. ಜನ ತಲೆ ಒಡೆಸಿಕೊಂಡು ಕೇಸು ಹಾಕಿದ ಮೇಲೆ ಕೈಗೆ ಕೊಡೋಕೆ ಶುರು ಮಾಡಿದರು.

ಊಟಕ್ಕೆ ಕೆಂಪು ಕಾಳು, ಅನ್ನ. ಸೋಮವಾರ ಈ ಊರಿನಲ್ಲಿ ಅದೇ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ, ಕಾಳು ಒಲೆ ಮೇಲಿಟ್ಟರೆ ತಾನೇ ಬೇಯುತ್ತೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕಾಳಿನಲ್ಲಿ ಹಂದಿ ಮಾಂಸ, ಸೊಪ್ಪಿನ ಪಲ್ಯದಲ್ಲೂ ಹಂದಿ ಮಾಂಸ. ಕೇಳಿ, ಇನ್ನೊಮ್ಮೆ ಕೇಳಿ. ಅಮ್ಮನಿಗೆ ಮಾಂಸ ಹಾಕದ ಕಾಳು ಸಿಗೋಕೆ ಮೂರನೇ ಹೋಟೆಲ್ ಬೇಕಾಯಿತು. ನಾನು ಗಂಬೋ ತಿಂದೆ, ಸೀಗಡಿ ಮತ್ತು ಬೆಂಡೆಕಾಯಿ ಹಾಕಿದ್ದು. ಗಂಬೋ ಅನ್ನೋದು ಬೆಂಡೆಕಾಯಿಗೆ ಇರುವ ಆಫ್ರಿಕನ್ ಹೆಸರಿನಿಂದಲೇ ಬಂದದ್ದು ಅಂತಾರೆ. ಅಮ್ಮ ಲೋಳೆ ನೋಡಿ ಮುಖ ಸಿಂಡರಿಸಿ, "ಹುರಿದು ಹಾಕಬೇಕಿತ್ತು" ಅಂದರು.

ಹೊರಡುವ ಮೊದಲು ಲೋವರ್ ನೈನ್ತ್ ವಾರ್ಡ್‌ಗೆ ಹೋದೆವು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದಾಗ ಕಾಲುವೆಯ ತಡೆಗೋಡೆ ಒಡೆದು ನೀರು ನುಗ್ಗಿದ ಜಾಗ. ಊರಿನ ಶೇಕಡ 80ರಷ್ಟು ಭಾಗ ಮುಳುಗಿತ್ತು. ಗಾಳಿಗಿಂತ ಹೆಚ್ಚು ಹಾನಿ ಮಾಡಿದ್ದು ಸರಿಯಾಗಿ ಕಟ್ಟದ ಗೋಡೆಗಳು. ಈಗ ಅಲ್ಲಿ ಹೊಸ ಮನೆಗಳಿವೆ, ನಡುವೆ ಖಾಲಿ ಸೈಟುಗಳು. ಕೆಲವು ಸೈಟಿನಲ್ಲಿ ಮೂರು ಸಿಮೆಂಟ್ ಮೆಟ್ಟಿಲು ಮಾತ್ರ ಉಳಿದಿವೆ. ಮೇಲೆ ಬಾಗಿಲಿಲ್ಲ, ಮನೆ ಇಲ್ಲ, ಎದೆಮಟ್ಟ ಹುಲ್ಲು. ಒಂದು ಮೆಟ್ಟಿಲ ಪಕ್ಕ ಯಾರೋ ಚೆಂಡುಹೂವಿನ ಕುಂಡ ಇಟ್ಟಿದ್ದರು.

ಊರಾಚೆ ರಸ್ತೆ ಬದಿಯಲ್ಲಿ ಒಬ್ಬ ಲಾರಿ ನಿಲ್ಲಿಸಿಕೊಂಡು ಸತ್ಸುಮಾ ಮಾರುತ್ತಿದ್ದ. ಕೊಡಗಿನ ಕಿತ್ತಳೆಯ ಹಾಗೆ ಸಿಪ್ಪೆ ಸಡಿಲ, ಬೀಜ ಇಲ್ಲ. ಹನ್ನೆರಡು ಕೊಂಡೆವು. ನಾನು ದುಡ್ಡು ಕೊಟ್ಟು ಕಾರಿನ ಬಾಗಿಲು ತೆಗೆದೆ. ಅಮ್ಮ ಚೀಲ ಬಿಚ್ಚಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಬಾ ಅಮ್ಮ."

"ತಡಿಯೋ." ಅವನ ಕಡೆ ತಿರುಗಿ, ಶುದ್ಧ ಸಕಲೇಶಪುರದ ಕನ್ನಡದಲ್ಲಿ, "ಕೊಸರು ಎಲ್ಲಪ್ಪಾ?" ಅಂದರು.

ಅವನು ಅಮ್ಮನ ಮುಖ ನೋಡಿದ, ಬಾಯಿ ತೆರೆದ ಚೀಲ ನೋಡಿದ. ಎರಡು ಹಣ್ಣು ಹಾಕಿದ. ಒಂದು ಕ್ಷಣ ಯೋಚಿಸಿ ಮೂರನೆಯದನ್ನೂ ಹಾಕಿದ.